ತೋಟದ ಮನೆಗೆ ಹೊಸ ಅಕ್ವೇರಿಯಂ: ತಳಕ್ಕೆ ಯಾವ ಮರಳು, ಯಾವ ಗಿಡ, ಯಾವ ಮೀನು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ರ ಕಾಫಿ ತೋಟ, ಮನೇನೂ ತೋಟದಲ್ಲೇ. ಮಗಳು ಹಠ ಮಾಡಿದ್ಲು ಅಂತ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ತಂದ್ವಿ. ಅಂಗಡಿಯವ್ರು ಬಿಳಿ ಮಾರ್ಬಲ್ ಚಿಪ್ಸು, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ ಎಲ್ಲಾ ಕೊಟ್ಟು ಅವತ್ತೇ ಎರಡು ಗೋಲ್ಡ್ ಫಿಶ್, ಎರಡು ಏಂಜಲ್, ಎರಡು ಶಾರ್ಕ್, ಒಂದು ಸಕ್ಕರ್ ಕೂಡ ಕೊಟ್ಟು ಕಳಿಸಿದ್ರು. ಮೂರನೇ ದಿನಕ್ಕೆ ನೀರು ಬೆಳ್ಳಗೆ ಮಬ್ಬಾಯ್ತು, ಪೂರ್ತಿ ನೀರು ಚೆಲ್ಲಿ ಕಲ್ಲು ತೊಳೆದು ಹೊಸ ನೀರು ತುಂಬಿಸಿದೆ. ಮತ್ತೆ ಮಬ್ಬಾಯ್ತು, ಮತ್ತೆ ತೊಳೆದೆ. ಹದಿನೈದು ದಿನದಲ್ಲಿ ಒಂದು ಗೋಲ್ಡು, ಒಂದು ಸಕ್ಕರ್ ಬಿಟ್ರೆ ಎಲ್ಲಾ ಹೋದ್ವು. ಅಂಗಡಿಯವ್ರು ನಿಮ್ಮ ನೀರು ಸರಿ ಇಲ್ಲ ಅಂತಾರೆ, ಆದ್ರೆ ನಮಗೆ ಬರೋದು ಗುಡ್ಡದ ಝರಿ ನೀರು, ನಾವು ಕುಡಿಯೋದೂ ಅದೇ. ನಮ್ಮಮ್ಮ ಮನೆ ಮೇಲಿದ್ದ ದೃಷ್ಟಿನ ಮೀನು ತಗೊಂಡು ಹೋಯ್ತು ಬಿಡು ಅಂತಾರೆ. ಈಗ ಎಲ್ಲಾ ತೆಗೆದು ಹೊಸದಾಗಿ, ನಿಜವಾದ ಗಿಡ ಇಟ್ಟು ಶುರು ಮಾಡ್ಬೇಕು ಅಂತಿದೀನಿ. ತೋಟದ ಮಣ್ಣು ಒಳ್ಳೆ ಫಲವತ್ತಾಗಿದೆ, ಅದನ್ನ ತಳಕ್ಕೆ ಹಾಕಿ ಮೇಲೆ ಹಳ್ಳದ ಮರಳು ಹಾಕಬಹುದಾ? ಹಳ್ಳದ ಗಿಡ, ಹಳ್ಳದ ಮೀನು ಆಗತ್ತಾ? ಮಿಸ್ ಕೇರಳ ಅನ್ನೋ ಮೀನು ತುಂಬಾ ಇಷ್ಟ ಆಗಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರಲ್ಲ ಅನ್ನೋದೂ ಒಂದು ಚಿಂತೆ.

ಉತ್ತರ: ಮೊದಲು ಸತ್ತ ಮೀನಿನ ವಿಷಯ ಮುಗಿಸ್ಬಿಡೋಣ, ಯಾಕಂದ್ರೆ ಅದು ಯಾಕಾಯ್ತು ಅಂತ ತಿಳೀದೆ ಎಷ್ಟು ಒಳ್ಳೆ ಮರಳು ತಂದು ಹಾಕಿದ್ರೂ ಮತ್ತೆ ಅದೇ ಕಥೆ ಆಗತ್ತೆ. ನಾನು ಹಾಸನ, ಚಿಕ್ಕಮಗಳೂರು ಕಡೆ ಮನೆಗಳಿಗೆ ಟ್ಯಾಂಕ್ ಸೆಟಪ್ ಮಾಡಿ ನೋಡ್ಕೊಳೋ ಕೆಲಸದಲ್ಲೇ ಇರೋದ್ರಿಂದ ಹೇಳ್ತೀನಿ, ನೀವು ಬರೆದಿರೋದನ್ನ ಅಕ್ಷರ ಬದಲಾಯಿಸದೆ ಬರೆಯೋ ಜನ ತುಂಬಾ ಇದಾರೆ, ಅಂಗಡಿ ಬೇರೆ ಊರು ಬೇರೆ ಅಷ್ಟೇ.

ಮೀನು ಉಸಿರಾಡೋವಾಗ ಕಿವಿರಿನಿಂದಾನೇ ಅಮೋನಿಯಾ ಬಿಡತ್ತೆ, ಅದರ ಹಿಕ್ಕೆ, ತಿನ್ನದೆ ಬಿಟ್ಟ ಫುಡ್ಡು ಕೊಳೆತ್ರೂ ಅಮೋನಿಯಾನೇ ಬರೋದು. ಹಳೆ ಟ್ಯಾಂಕಲ್ಲಿ ಫಿಲ್ಟರ್ ಸ್ಪಂಜಲ್ಲಿ, ಮರಳಲ್ಲಿ, ಗಿಡದ ಎಲೆ ಮೇಲೆ ಎಲ್ಲಾ ಒಂದು ಜಾತಿ ಬ್ಯಾಕ್ಟೀರಿಯಾ ಕೂತಿರತ್ತೆ, ಅದು ಅಮೋನಿಯಾನ ನೈಟ್ರೈಟ್ ಮಾಡತ್ತೆ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತ್ತೆ. ಮೊದಲಿನೆರಡೂ ಮೀನಿಗೆ ವಿಷ, ಮೂರನೇದು ಗಿಡಕ್ಕೆ ಊಟ. ಹೊಸ ಟ್ಯಾಂಕಲ್ಲಿ ಈ ಬ್ಯಾಕ್ಟೀರಿಯಾ ಇರೋದೇ ಇಲ್ಲ, ಸಾಕಾಗೋ ಅಷ್ಟು ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ನಿಮ್ಮ ಕಡೆ ಚಳಿಗಾಲ ಆದ್ರೆ ಇನ್ನೂ ಜಾಸ್ತಿ. ನೀವು ಮೊದಲನೇ ದಿನವೇ ಏಳು ಮೀನು ಬಿಟ್ರಿ, ಅದರಲ್ಲೂ ಗೋಲ್ಡ್ ಫಿಶ್ ಮತ್ತು ಸಕ್ಕರ್ ಅಂದ್ರೆ ಗಲೀಜು ಮಾಡೋದರಲ್ಲಿ ಎತ್ತಿದ ಕೈ. ನೀರು ಮಬ್ಬಾಗಿದ್ದು ಬೇರೆ ತರದ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿದ್ದಕ್ಕೆ, ಅದು ಹೊಸ ಟ್ಯಾಂಕಲ್ಲಿ ಮಾಮೂಲಿ, ಅದರಿಂದಲೇ ಮೀನು ಸಾಯಲ್ಲ, ಸುಮ್ನೆ ಬಿಟ್ಟಿದ್ರೆ ತಾನಾಗೇ ತಿಳಿಯಾಗ್ತಿತ್ತು. ಆದ್ರೆ ನೀವು ಪ್ರತಿ ಸಲ ಕಲ್ಲು, ಫಿಲ್ಟರ್ ಎಲ್ಲಾ ತೊಳೆದಾಗ ಆಗ ತಾನೇ ಕೂರೋಕೆ ಶುರು ಮಾಡಿದ್ದ ಒಳ್ಳೆ ಬ್ಯಾಕ್ಟೀರಿಯಾನೂ ಮೋರಿಗೆ ಹೋಯ್ತು.

ಇದಕ್ಕೆ ಮಾರ್ಬಲ್ ಚಿಪ್ಸ್ ಸೇರ್ಕೊಂಡಿದೆ. ಮಾರ್ಬಲ್ ಅಂದ್ರೆ ಸುಣ್ಣದ ಕಲ್ಲೇ, ನಿಮ್ಮ ಝರಿಯಂಥ ಮೆದು ನೀರಲ್ಲಿ, ಅಂದ್ರೆ ಲವಣ ಕಮ್ಮಿ ಇರೋ ನೀರಲ್ಲಿ, ನಿಧಾನಕ್ಕೆ ಕರಗಿ ಪಿಎಚ್ ಮೇಲೆ ಏರಿಸತ್ತೆ. ಪಿಎಚ್ ಅಂದ್ರೆ ನೀರು ಎಷ್ಟು ಹುಳಿ ಅನ್ನೋ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅಮೋನಿಯಾ ಎಷ್ಟು ವಿಷ ಅನ್ನೋದು ಪಿಎಚ್ ಮೇಲೆ ನಿಂತಿದೆ, 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿರಲ್ಲ, ಪಿಎಚ್ 8 ಆದ್ರೆ ಸುಮಾರು ಐದು ಪಾಲಾಗತ್ತೆ. ಅಂದ್ರೆ ಅಷ್ಟೇ ಗಲೀಜು, ಒಂಬತ್ತು ಹತ್ತು ಪಟ್ಟು ವಿಷ. ಹೀಗಿರೋವಾಗ ನೀವು ಪೂರ್ತಿ ನೀರು ಚೆಲ್ಲಿ ತಣ್ಣನೆ ಝರಿ ನೀರು ತುಂಬಿಸಿದ್ರಿ, ಮೀನಿಗೆ ಒಂದೇ ಏಟಿಗೆ ಬಿಸಿ ತಂಪೂ ಬದಲಾಯ್ತು, ಪಿಎಚ್ಚೂ ಬದಲಾಯ್ತು. ಅಷ್ಟರಲ್ಲೂ ಎರಡು ಉಳಿದಿವೆ ಅಂದ್ರೆ ಅವು ಗಟ್ಟಿ ಪಿಂಡ.

ದೃಷ್ಟಿ ವಿಷಯ, ಅಮ್ಮನ ಜೊತೆ ವಾದಕ್ಕೆ ಹೋಗ್ಬೇಡಿ, ಅದು ಅವರ ನಂಬಿಕೆ. ಆದ್ರೆ ಮೀನು ಸತ್ತಾಗೆಲ್ಲ ದೃಷ್ಟಿ ಹೋಯ್ತು ಅಂತ ಸಮಾಧಾನ ಮಾಡ್ಕೊಂಡು ಇನ್ನೆರಡು ತಂದು ಬಿಡೋ ಮನೆಗಳನ್ನ ನೋಡಿದೀನಿ, ಅಂಗಡಿಯವರಿಗೆ ಅದಕ್ಕಿಂತ ಒಳ್ಳೆ ಗಿರಾಕಿ ಸಿಗಲ್ಲ. ಮುಂದೆ ಮೀನು ಸತ್ರೆ ಮೊದಲು ಅಮೋನಿಯಾ ಟೆಸ್ಟ್ ಮಾಡಿ, ಉಳಿದಿದ್ದು ಆಮೇಲೆ. ಹನಿ ಹಾಕಿ ಬಣ್ಣ ನೋಡೋ ಲಿಕ್ವಿಡ್ ಕಿಟ್ ಸಿಗತ್ತೆ, ಅಮೋನಿಯಾ, ನೈಟ್ರೈಟ್, ಪಿಎಚ್, ಕೆಎಚ್ ನಾಲ್ಕು ತಗೊಳಿ ಸಾಕು, ಕೆಎಚ್ ಏನು ಅಂತ ಮುಂದೆ ಹೇಳ್ತೀನಿ. ನೀಲಿ ಬಾಟಲಿ ಔಷಧಿ ಯಾವ ಕಾಯಿಲೆಗೂ ಆಗತ್ತೆ ಅಂತ ಕೊಡ್ತಾರಲ್ಲ, ಅದು ಮೆಥಿಲೀನ್ ಬ್ಲೂ, ಅದನ್ನ ಗಿಡ ಇರೋ ಟ್ಯಾಂಕಿಗೆ ಹಾಕ್ಬೇಡಿ, ಗಿಡಕ್ಕೂ ಫಿಲ್ಟರ್ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳತ್ತೆ.

ಈಗ ನೀರು. ನಿಮ್ಮ ಝರಿ ನೀರು ಕೆಟ್ಟದಲ್ಲ, ಅದರಲ್ಲಿ ಏನೂ ಕರಗಿಲ್ಲ ಅನ್ನೋದೇ ಸಮಸ್ಯೆ. ಮಳೆ ನೀರು ಗುಡ್ಡದೊಳಗೆ ಇಳಿದು, ಸುಣ್ಣ ಇಲ್ಲದ ಕಲ್ಲಿನ ಮಧ್ಯೆ ಹಾದು ಬರೋದ್ರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಎಲ್ಲಾ ತೀರಾ ಕಮ್ಮಿ. ಈ ಬೈಕಾರ್ಬನೇಟ್ ಅಳತೆನೇ ಕೆಎಚ್. ಎಸ್ಟೇಟ್ ರಸ್ತೇಲಿ ಜೀಪಿಗೆ ಶಾಕ್ ಅಬ್ಸಾರ್ಬರ್ ಮಾಡೋ ಕೆಲಸನೇ ಟ್ಯಾಂಕಲ್ಲಿ ಕೆಎಚ್ ಮಾಡೋದು, ಆಸಿಡ್ ಜಾಸ್ತಿ ಆದಾಗ ಪಿಎಚ್ ಧಡಕ್ಕನೆ ಬೀಳದ ಹಾಗೆ ತಡಿಯತ್ತೆ. ಟ್ಯಾಂಕಲ್ಲಿ ಆಸಿಡ್ ದಿನಾ ತಯಾರಾಗ್ತಾನೇ ಇರತ್ತೆ, ಆ ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಕೆಎಚ್ ಖರ್ಚಾಗತ್ತೆ. ಖಾಲಿ ಆಯ್ತು ಅಂದ್ರೆ ಪಿಎಚ್ 6ರ ಹತ್ರ ಜಾರತ್ತೆ, ಅಲ್ಲಿಗೆ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಕೆಲಸ ನಿಲ್ಲಿಸತ್ತೆ, ಅಮೋನಿಯಾ ಮತ್ತೆ ಏರತ್ತೆ. ಮಲೆನಾಡಲ್ಲಿ ಐದಾರು ತಿಂಗಳು ಚೆನ್ನಾಗಿದ್ದ ಟ್ಯಾಂಕ್ ಇದ್ದಕ್ಕಿದ್ದ ಹಾಗೆ ಕುಸಿಯೋದು ಬಹಳ ಸಲ ಇದರಿಂದಾನೇ.

ಪರಿಹಾರ ಸುಲಭ. ಕೋಳಿ ಫೀಡ್ ಅಂಗಡೀಲಿ ಕಪ್ಪೆಚಿಪ್ಪಿನ ನುಚ್ಚು ಸಿಗತ್ತೆ, ಒಂದು ಹಿಡಿ ತೊಳೆದು ಸಣ್ಣ ನೆಟ್ ಚೀಲಕ್ಕೆ ಹಾಕಿ ಫಿಲ್ಟರ್ ಪಕ್ಕ ನೀರು ಹರಿಯೋ ಜಾಗದಲ್ಲಿಡಿ. ನೀರು ಹುಳಿಯಾದಷ್ಟೂ ಅದು ಕರಗತ್ತೆ, ಸರಿ ಇದ್ರೆ ಕರಗೋದು ತೀರಾ ನಿಧಾನ ಆಗತ್ತೆ, ಗಿಡಕ್ಕೆ ಬಸವನ ಹುಳಕ್ಕೆ ಬೇಕಾದ ಕ್ಯಾಲ್ಸಿಯಮ್ಮೂ ಸಿಗತ್ತೆ. ಚಿಪ್ಪೂ ಮಾರ್ಬಲ್ಲೂ ಒಂದೇ ಜಾತಿ ಅಲ್ವಾ ಅಂತ ಕೇಳಬಹುದು, ಹೌದು ಒಂದೇ, ಆದ್ರೆ ತಳದ ತುಂಬಾ ಹರಡೋದಕ್ಕೂ ಒಂದು ಹಿಡಿ ಚೀಲದಲ್ಲಿಟ್ಟು ಬೇಡ ಅಂದಾಗ ಎತ್ತಿಡೋದಕ್ಕೂ ವ್ಯತ್ಯಾಸ ಇದೆ. ತುರ್ತಿಗೆ ಅಡುಗೆ ಸೋಡಾ ಆಗತ್ತೆ, 50 ಲೀಟರಿಗೆ ಕಾಲು ಟೀ ಚಮಚ ಹಾಕಿದ್ರೆ ಕೆಎಚ್ ಸುಮಾರು ಒಂದು ಡಿಗ್ರಿ ಏರತ್ತೆ, ಒಂದು ಲೋಟ ನೀರಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ, ದಿನಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಸ್ಬೇಡಿ. ಕೆಎಚ್ 2 ರಿಂದ 4ರ ಮಧ್ಯೆ ನಿಂತ್ರೆ ನಿಮಗೆ ಸಾಕು.

ಟೌನಲ್ಲಿ ಇರೋರು ಇದನ್ನ ಓದ್ತಿದ್ರೆ, ಹಾಸನದ ಹೇಮಾವತಿ ನೀರಿಗೂ ಚಿಕ್ಕಮಗಳೂರಿನ ಯಗಚಿ ನೀರಿಗೂ ಕ್ಲೋರಿನ್ ಹಾಕಿರ್ತಾರೆ, ಆಂಟಿಕ್ಲೋರಿನ್ ಹನಿ ಹಾಕದೆ ಬಳಸ್ಬೇಡಿ. ಅರಸೀಕೆರೆ ಕಡೆ ಬೋರ್ ನೀರಿನೋರದ್ದು ಉಲ್ಟಾ ಕಥೆ, ಅಲ್ಲಿ ನೀರು ಗಡಸು, ಕೆಎಚ್ ಬೇಕಾದಷ್ಟಿರತ್ತೆ. ನಿಮಗೆ ಕ್ಲೋರಿನ್ ಚಿಂತೆ ಇಲ್ಲ.

ಈಗ ನೀವು ಮುಖ್ಯವಾಗಿ ಕೇಳಿದ ತೋಟದ ಮಣ್ಣು. ಬೇಡ. ಮಣ್ಣು ಹಾಕಿ ಮೇಲೆ ಮರಳು ಮುಚ್ಚಿ ಗಿಡ ಬೆಳೆಸೋ ಪದ್ಧತಿ ಇದೆ, ಅದು ತಪ್ಪೇನಲ್ಲ, ಚೆನ್ನಾಗೂ ಬರತ್ತೆ, ಆದ್ರೆ ಕಾಫಿ ತೋಟದ ಮಣ್ಣು ಅದಕ್ಕಾಗಲ್ಲ. ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರೋದೇ, ಬೋರ್ಡೋ. ಎಲೆ ತುಕ್ಕಿಗೆ, ಕೊಳೆರೋಗಕ್ಕೆ, ಮೆಣಸಿನ ಬಳ್ಳಿಗೆ, ಅಡಿಕೆ ಇದ್ರೆ ಅದಕ್ಕೂ ವರ್ಷಾ ವರ್ಷಾ ಮೈಲುತುತ್ತ ಸುಣ್ಣ ಕಲಸಿ ಹೊಡೀತಾ ಬಂದಿರ್ತೀರ, ನಿಮ್ಮಪ್ಪ ಅಜ್ಜನ ಕಾಲದಿಂದಲೂ. ಎಲೆ ಮೇಲೆ ಬಿದ್ದಿದ್ದು ಮಳೆಗೆ ತೊಳೆದು, ಎಲೆ ಉದುರಿ, ಕೊನೆಗೆ ಸೇರೋದು ಮಣ್ಣಿಗೆ. ಅದರಲ್ಲಿರೋ ತಾಮ್ರ ಗೊಬ್ಬರದ ಹಾಗೆ ಗಿಡ ತಿಂದು ಮುಗಿಸೋದಲ್ಲ, ಕೊಳೆತು ಹೋಗೋದೂ ಅಲ್ಲ, ಮೇಲ್ಮಣ್ಣಿಗೆ ಅಂಟ್ಕೊಂಡು ಅಲ್ಲೇ ಕೂತಿರತ್ತೆ. ಕಾಫಿ ಗಿಡ ಅದನ್ನ ತಡ್ಕೊಳತ್ತೆ. ಮೀನು ಅಷ್ಟು ತಡಿಯಲ್ಲ, ಸೀಗಡಿ ಮತ್ತೆ ಬಸವನ ಹುಳ ಅಂತೂ ಚೂರು ತಾಮ್ರಕ್ಕೇ ಸಾಯ್ತವೆ. ನೀರು ಮೆದುವಾಗಿ, ಹುಳಿಯಾಗಿ ಇದ್ದಷ್ಟೂ ತಾಮ್ರದ ವಿಷ ಜಾಸ್ತಿ, ನಿಮ್ಮದು ಅಂಥದ್ದೇ ನೀರು. ಜೊತೆಗೆ ಯೂರಿಯಾ, ಕಾಂಪ್ಲೆಕ್ಸ್, ಕೊಟ್ಟಿಗೆ ಗೊಬ್ಬರ ಬಿದ್ದಿರೋ ಮಣ್ಣು ನೀರಿಗೆ ಬಿದ್ದ ಕೂಡ್ಲೇ ಅಮೋನಿಯಾ ಉಗುಳತ್ತೆ. ಎರೆಹುಳು ಗೊಬ್ಬರ ಹಾಕ್ಲಾ ಅಂತಾನೂ ಕೇಳ್ತಾರೆ, ಅದೂ ಮೊದಲ ಟ್ಯಾಂಕಿಗೆ ಬೇಡ.

ಇದೇ ಕಾರಣಕ್ಕೆ ಕಿತ್ತು ಹಾಕಿದ ಕಾಫಿ ಬೊಡ್ಡೆ ಡ್ರಿಫ್ಟ್‌ವುಡ್ ತರ ಚಂದ ಕಾಣತ್ತೆ ಅಂತ ಟ್ಯಾಂಕಿಗೆ ಇಳಿಸ್ಬೇಡಿ. ಬೋರ್ಡೋ ಕುಡಿದ ತೊಗಟೆ ಅದು. ಝರಿ ನೀರು ತೋಟದ ಮೇಲ್ಗಡೆ ಕಾಡಿಂದ ಬರ್ತಿದ್ಯೋ ಇಲ್ಲಾ ಬೇರೆಯವರ ತೋಟ ಹಾದು ಬರ್ತಿದ್ಯೋ ಅನ್ನೋದನ್ನೂ ಒಮ್ಮೆ ನೋಡಿ, ತೋಟ ಹಾದು ಬರೋದಾದ್ರೆ ಔಷಧಿ ಹೊಡೆಯೋ ದಿನಗಳಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ನಡೆಯೋವಾಗ ಟ್ಯಾಂಕಿಗೆ ಹೊಸ ನೀರು ಹಿಡೀಬೇಡಿ. ಅದಕ್ಕೇ ಒಂದು ಡ್ರಮ್ ನೀರು ಮೊದಲೇ ಹಿಡಿದಿಟ್ಕೊಂಡಿದ್ರೆ ಒಳ್ಳೇದು.

ಅಂಗಡೀಲಿ ಚೀಲದಲ್ಲಿ ಬರೋ ಅಕ್ವಾಸಾಯಿಲ್ ಕಾಳುಕಾಳಾಗಿರತ್ತಲ್ಲ, ಅದು ಇಂಟರ್ನೆಟ್ಟಲ್ಲಿ ಎಲ್ಲಾರೂ ಹೊಗಳೋ ಸಾಮಾನು. ಅದರ ಒಂದು ಮುಖ್ಯ ಕೆಲಸ ನೀರಿನ ಕೆಎಚ್ ಹೀರ್ಕೊಂಡು ಪಿಎಚ್ ಇಳಿಸೋದು. ಬೆಂಗಳೂರಿನ ಬೋರ್ ನೀರಿನೋರು ಅಷ್ಟು ದುಡ್ಡು ಕೊಟ್ಟು ನೀರು ಮೆದು ಮಾಡ್ಕೊಳ್ತಾರೆ, ನಿಮಗೆ ಗುಡ್ಡದಿಂದ ಪುಕ್ಕಟೆ ಬರ್ತಿದೆ. ನಿಮ್ಮ ನೀರಿಗೆ ಅದನ್ನ ಹಾಕಿದ್ರೆ ಇರೋ ಚೂರು ಕೆಎಚ್ಚೂ ಸೊನ್ನೆ ಆಗತ್ತೆ, ಮೊದಲ ಕೆಲವು ವಾರ ಬಹಳಷ್ಟು ಬ್ರ್ಯಾಂಡು ಅಮೋನಿಯಾನೂ ಬಿಡ್ತವೆ. ಅನುಭವ ಇರೋರು ಅದನ್ನ ನಿಭಾಯಿಸ್ತಾರೆ, ಮೊದಲ ಸಲಕ್ಕೆ ಆ ತಲೆನೋವು ಯಾಕೆ.

ಹಳ್ಳದ ಮರಳು ಹಾಕಿ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ, ತೋಟದ ಒಳಗಿನ ಬಸಿಗಾಲುವೆಗಳಲ್ಲಿ ಹರಿಯೋ ನೀರಿನದ್ದಲ್ಲ, ಮೇಲ್ಗಡೆ ಹಳ್ಳದ್ದು. ಒಂದರಿಂದ ಎರಡು ಮಿಲಿಮೀಟರ್ ಕಾಳು ಇರ್ಬೇಕು, ತೀರಾ ನುಣ್ಣಗಿದ್ರೆ ಒತ್ತಿ ಕೂತ್ಕೊಂಡು ಒಳಗೆ ಗಾಳಿ ಆಡಲ್ಲ. ಜರಡಿ ಹಿಡಿದು, ಬಕೆಟ್ಟಲ್ಲಿ ನೀರು ತಿಳಿ ಬರೋವರೆಗೆ ತೊಳೆದು, ಟಾರ್ಪಾಲ್ ಮೇಲೆ ಹರಡಿ ಬಿಸಿಲಿಗೆ ಪೂರ್ತಿ ಒಣಗಿಸಿ, ಇಲ್ಲಾಂದ್ರೆ ಮರಳಿನ ಜೊತೆ ಜಿಗಣೆ, ಏರೋಪ್ಲೇನ್ ಚಿಟ್ಟೆ ಮರಿ ಎಲ್ಲಾ ಬರ್ತವೆ, ಆ ಚಿಟ್ಟೆ ಮರಿ ನೀರೊಳಗೆ ಸಣ್ಣ ಮೀನನ್ನೇ ಹಿಡಿದು ತಿನ್ನತ್ತೆ. ಒಣಗಿದ ಮರಳಿಗೆ ಸ್ವಲ್ಪ ವಿನೆಗರ್ ಹಾಕಿ ನೋಡಿ, ನೊರೆ ಬುಸುಗುಟ್ಟಿದ್ರೆ ಸುಣ್ಣ ಇದೆ ಅಂತ, ಬೇಡ. ಸುಮ್ನಿದ್ರೆ ಸರಿ. ನಿಮ್ಮ ಟ್ಯಾಂಕಿಗೆ ಐದು ಸೆಂಟಿಮೀಟರ್ ದಪ್ಪಕ್ಕೆ 14, 15 ಕೆಜಿ ಒಣ ಮರಳು ಬೇಕಾಗತ್ತೆ, ಹಿಂದೆ ಸ್ವಲ್ಪ ಎತ್ತರ, ಮುಂದೆ ತಗ್ಗು ಮಾಡಿ. ಅದಕ್ಕಿಂತ ತುಂಬಾ ದಪ್ಪ ಹಾಕಿದ್ರೆ ತಳದಲ್ಲಿ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬರತ್ತೆ. ಮರಳಲ್ಲಿ ಗೊಬ್ಬರ ಇರಲ್ಲ, ಅದಕ್ಕೆ ಬೇರಿಂದ ತಿನ್ನೋ ಗಿಡದ ಬುಡಕ್ಕೆ ಎರಡು ಮೂರು ತಿಂಗಳಿಗೊಮ್ಮೆ ರೂಟ್ ಟ್ಯಾಬ್ ಅನ್ನೋ ಗೊಬ್ಬರದ ಗುಳಿಗೆ ಒತ್ತಿ, ಅಷ್ಟೇ.

ಎಂ-ಸ್ಯಾಂಡ್ ಮನೆ ಕಟ್ಟಿದ್ದು ಉಳಿದಿದೆ ಅಂತ ಅದನ್ನೇ ಹಾಕೋರಿದ್ದಾರೆ. ಕಲ್ಲು ಪುಡಿ ಮಾಡಿದ್ದು, ವಿಷ ಏನಲ್ಲ, ಆದ್ರೆ ಅಂಚು ಚೂಪು, ತಳದಲ್ಲಿ ಮೂತಿ ಹಾಕಿ ಕೆದಕೋ ಮೀನಿನ ಮೀಸೆ ಸವೆಯತ್ತೆ. ಧೂಳು ತೊಳೆದು ಮುಗಿಯೋದೂ ಇಲ್ಲ. ನೀಲಿ ಕಲ್ಲನ್ನ ಮಗಳ ಹೂಕುಂಡಕ್ಕೆ ಕೊಡಿ.

ಗಿಡದ ವಿಷಯದಲ್ಲಿ ಒಂದೇ ಮಾತು, ಮೊದಲ ದಿನವೇ ತುಂಬಾ ಹಾಕಿ. ಎರಡು ಗಿಡ ಇಟ್ಟು ಬೆಳೀಲಿ ಅಂತ ಕಾಯ್ತಾರೆ, ಅಷ್ಟರಲ್ಲಿ ಪಾಚಿ ಬೆಳೆದಿರತ್ತೆ. ಬೇಗ ಬೆಳೆಯೋ ಗಿಡ ಅಮೋನಿಯಾನ ನೇರವಾಗಿ ಹೀರ್ಕೊಳತ್ತೆ, ಬ್ಯಾಕ್ಟೀರಿಯಾ ಬರೋವರೆಗೆ ಅದೇ ನಿಮ್ಮ ಕಾವಲು. ಹಿಂದ್ಗಡೆ ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ವಾಟರ್ ಸ್ಪ್ರೈಟ್ ಇರ್ಲಿ. ವ್ಯಾಲಿಸ್ನೇರಿಯಾಗೆ ಸ್ವಲ್ಪ ಗಡಸು ನೀರು ಇಷ್ಟ, ಚಿಪ್ಪಿನ ಚೀಲ ಇಟ್ಮೇಲೆ ಹೊಂದ್ಕೊಳತ್ತೆ. ಮಧ್ಯದಲ್ಲಿ ಕ್ರಿಪ್ಟೊಕೊರಿನ್ ವೆಂಡ್ಟಿ, ಅದು ಹೊಸ ಜಾಗಕ್ಕೆ ಬಂದ ಕೂಡ್ಲೇ ಎಲೆ ಎಲ್ಲಾ ಕರಗಿಸ್ಕೊಂಡು ಸತ್ತೇ ಹೋಯ್ತು ಅನ್ನಿಸತ್ತೆ, ಕೀಳ್ಬೇಡಿ, ಬೇರು ಗಟ್ಟಿ ಇದ್ರೆ ತಿಂಗಳೊಳಗೆ ಹೊಸ ಎಲೆ ಬರತ್ತೆ. ಜಾವಾ ಫರ್ನ್, ಅನುಬಿಯಾಸ್ ಎರಡನ್ನೂ ಮರಳಲ್ಲಿ ಹೂಳ್ಬೇಡಿ, ಅಡ್ಡಕ್ಕೆ ಬೆಳೆಯೋ ದಪ್ಪ ಗೆಡ್ಡೆ ಹೂತ್ರೆ ಕೊಳೆಯತ್ತೆ, ಕಲ್ಲಿಗೆ ನೂಲಲ್ಲಿ ಕಟ್ಟಿ. ಲೈಟ್ ದಿನಕ್ಕೆ ಆರು ಗಂಟೆಯಿಂದ ಶುರು ಮಾಡಿ, ಎಂಟು ದಾಟ್ಬೇಡಿ, ಟೈಮರ್ ಹಾಕಿ. ಮಳೆಗಾಲದ ಮಂಕು ನೋಡಿ ದಿನವಿಡೀ ಲೈಟ್ ಉರಿಸೋದು, ಇಲ್ಲಾ ಬಿಸಿಲು ಬೀಳ್ಲಿ ಅಂತ ಕಿಟಕಿ ಪಕ್ಕ ಇಡೋದು ಎರಡೂ ಪಾಚಿಗೆ ಆಹ್ವಾನ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಈ ಗಿಡಗಳಿಗೆ ಬೇಕಿಲ್ಲ.

ಹಳ್ಳದ ಗಿಡ, ಕೆರೆಯ ಗಿಡ ಆಗತ್ತಾ ಅಂದ್ರೆ, ಆಗತ್ತೆ. ಹೈಡ್ರಿಲ್ಲಾ ಸಿಕ್ರೆ ಒಂದು ಹಿಡಿ ತಂದು, ಚೆನ್ನಾಗಿ ಜಾಲಿಸಿ, ಒಂದು ವಾರ ಬೇರೆ ಬಕೆಟ್ಟಲ್ಲಿಟ್ಟು ಅದರಿಂದ ಏನೇನು ಹುಳ ಹೊರಗೆ ಬರತ್ತೆ ನೋಡಿ ಆಮೇಲೆ ಹಾಕಿ. ಕೆರೆ ಮೇಲೆ ತೇಲೋ ನೇರಳೆ ಹೂವಿನ ಜೊಂಡು ತರ್ಬೇಡಿ, ಟ್ಯಾಂಕಿಗೂ ಸರಿ ಹೋಗಲ್ಲ, ಎಸೆದ ಕಡೆಯೆಲ್ಲಾ ಹರಡತ್ತೆ.

ಗಿಡ ನೆಟ್ಟು, ಫಿಲ್ಟರ್ ಹಾಕಿ, ನೀರು ತುಂಬಿಸಿ, ಮೀನಿಲ್ಲದೆ ಕಾಯಿರಿ. ಮಗಳಿಗೆ ಇದು ಕಷ್ಟ ಅಂತ ಗೊತ್ತು. ದಿನಾ ಒಂದು ಚಿಟಿಕೆ ಮೀನಿನ ಫುಡ್ ಅವಳ ಕೈಯಲ್ಲೇ ಹಾಕಿಸಿ, ಅದು ಕೊಳೆತು ಅಮೋನಿಯಾ ಆಗ್ಬೇಕು, ಬ್ಯಾಕ್ಟೀರಿಯಾಗೆ ಅದೇ ಊಟ. ಪರಿಚಯದವರ ಹತ್ರ ಆರೋಗ್ಯವಾಗಿರೋ ಹಳೆ ಟ್ಯಾಂಕ್ ಇದ್ರೆ ಅವರ ಫಿಲ್ಟರ್ ಸ್ಪಂಜ್ ನಿಮ್ಮ ಟ್ಯಾಂಕ್ ನೀರಲ್ಲೇ ಹಿಂಡಿ, ಅರ್ಧ ಸಮಯ ಉಳಿಯತ್ತೆ. ಬಾಟಲಿ ಬ್ಯಾಕ್ಟೀರಿಯಾ ಕೆಲವು ಕೆಲಸ ಮಾಡ್ತವೆ, ಕೆಲವು ಮಾಡಲ್ಲ, ಅದನ್ನ ನಂಬ್ಕೊಂಡು ಅವತ್ತೇ ಮೀನು ಬಿಡ್ಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ವಾರ ಹಾಗೇ ನಿಂತ್ರೆ ಮೀನು ತರಬಹುದು.

ಮೀನು. ನಿಮ್ಮದು ಲೆಕ್ಕದ ಪ್ರಕಾರ ಸುಮಾರು 56 ಲೀಟರ್ ಟ್ಯಾಂಕ್, ಮರಳು ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ರೆ ಒಳಗೆ ಹಿಡಿಯೋದು 45 ಲೀಟರ್ ನೀರು. ಮೊದಲ ಸಲ ಕೊಟ್ಟ ಮೀನಲ್ಲಿ ಒಂದೂ ಇದಕ್ಕೆ ಆಗೋದಲ್ಲ. ಗೋಲ್ಡ್ ಫಿಶ್ ಅಂಗೈಯಷ್ಟು ಬೆಳೆದು ಹತ್ತು ವರ್ಷದ ಮೇಲೆ ಬದುಕೋ ಮೀನು, ಗಿಡ ಇಟ್ರೆ ಸೊಪ್ಪು ಅಂತ ಮೇಯತ್ತೆ. ಶಾರ್ಕ್ ಅಂತ ಕೊಟ್ಟಿದ್ದು ಶಾರ್ಕೇ ಅಲ್ಲ, ಪಂಗಾಸಿಯಸ್, ಹೋಟೆಲಲ್ಲಿ ಬಾಸಾ ಫಿಶ್ ಅಂತ ಪ್ಲೇಟಿಗೆ ಬರತ್ತಲ್ಲ ಅದರದ್ದೇ ಮರಿ, ನದೀಲಿ ಒಂದು ಮೀಟರ್ ದಾಟಿ ಬೆಳೆಯತ್ತೆ. ಸಕ್ಕರ್ ಒಂದಡಿ ದಾಟತ್ತೆ, ಟ್ಯಾಂಕ್ ಕ್ಲೀನ್ ಮಾಡತ್ತೆ ಅನ್ನೋದು ಬರೀ ಮಾತು, ಅದು ಹಾಕೋ ಹಿಕ್ಕೆ ನೋಡಿದ್ರೆ ಯಾರು ಯಾರನ್ನ ಕ್ಲೀನ್ ಮಾಡ್ಬೇಕು ಅನ್ನಿಸತ್ತೆ. ಮೀನು ಟ್ಯಾಂಕ್ ಸೈಜಿಗೆ ತಕ್ಕ ಹಾಗೆ ಬೆಳೆಯತ್ತೆ ಅಂತಾರೆ, ಅದು ಗಲೀಜು ನೀರಲ್ಲಿ ಬೆಳವಣಿಗೆ ಕುಂಠಿತ ಆಗಿ ಬೇಗ ಸಾಯೋದಕ್ಕೆ ಇಟ್ಟ ಒಳ್ಳೆ ಹೆಸರು.

ನಿಮ್ಮ ಮುಂದೆ ಎರಡು ದಾರಿ ಇದೆ, ಅದು ಹೀಟರ್ ಇಡ್ತೀರೋ ಇಲ್ವೋ ಅನ್ನೋದರ ಮೇಲೆ ನಿಂತಿದೆ. ಡಿಸೆಂಬರ್ ಜನವರೀಲಿ ನಿಮ್ಮ ಕಡೆ ಬೆಳಗಿನ ಜಾವ ಟ್ಯಾಂಕ್ ನೀರು 18 ಡಿಗ್ರಿ ಆಸುಪಾಸು ಬರೋದುಂಟು, ಬಿಸಿ ನೀರಿನ ಮೀನಿಗೆ ಅದು ತಡೆಯಲ್ಲ, ಮೈ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ರೋಗ ಹತ್ತತ್ತೆ. ಹೀಟರ್ ಬೇಡ ಅಂದ್ರೆ ಜೀಬ್ರಾ ಡೇನಿಯೋ ಎಂಟು ಹತ್ತು ಬಿಡಿ, ನಮ್ಮ ದೇಶದ್ದೇ ಮೀನು, ಗಟ್ಟಿ, ಚಟುವಟಿಕೆ, ಮಕ್ಕಳಿಗೆ ನೋಡೋಕೆ ಬೇಜಾರಾಗಲ್ಲ. ಟಿಪ್ಪು ತೀರ್ಕೊಂಡ ಮಾರನೇ ವರ್ಷ 1800ರಲ್ಲಿ ಮೈಸೂರು ಸೀಮೆ ಸುತ್ತೋಕೆ ಬಂದಿದ್ದ ಬುಕನನ್ ಅನ್ನೋ ಡಾಕ್ಟರೇ 1822ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದು, ಹ್ಯಾಮಿಲ್ಟನ್ ಅಂತ ಕರೆಯೋದೂ ಅವರನ್ನೇ. ವೈಟ್ ಕ್ಲೌಡ್ ಅನ್ನೋ ಚೀನಾದ ಪುಟ್ಟ ಮೀನೂ ತಂಪಿಗೆ ಸೈ, ಆದ್ರೆ ಏಪ್ರಿಲ್ ಸೆಖೆ ಅದಕ್ಕಾಗಲ್ಲ. ಡೇನಿಯೋ ಹಾರತ್ತೆ, ಮುಚ್ಚಳ ಬೇಕೇ ಬೇಕು.

ಹೀಟರ್ ಇಡೋದಾದ್ರೆ ನಿಮ್ಮ ಮೆದು ನೀರು ನಿಜವಾಗ್ಲೂ ವರ. ಹಾರ್ಲೆಕ್ವಿನ್ ರಾಸ್ಬೋರಾ, ನಿಯಾನ್ ಅಥವಾ ಎಂಬರ್ ಟೆಟ್ರಾ, ಹನಿ ಗೌರಾಮಿ ಎಲ್ಲಾ ಇಂಥ ನೀರಿನ ಮೀನೇ. ನನ್ನ ಕೇಳಿದ್ರೆ ಹಾರ್ಲೆಕ್ವಿನ್ ಎಂಟು, ಅದು ನೆಲೆಯಾದ ಮೇಲೆ ಒಂದು ಹನಿ ಗೌರಾಮಿ, ಇನ್ನೆರಡು ತಿಂಗಳು ಬಿಟ್ಟು ತಳಕ್ಕೆ ಆರು ಪಿಗ್ಮಿ ಕೋರಿಡೋರಾಸ್, ಅಲ್ಲಿಗೆ ಟ್ಯಾಂಕ್ ಭರ್ತಿ. ನಿಯಾನ್ ಚಂದ, ಆದ್ರೆ ಹೊಸ ಟ್ಯಾಂಕಿಗೆ ಬೇಡ, ಆರು ತಿಂಗಳಾಗ್ಲಿ. 75 ವ್ಯಾಟ್ ಹೀಟರ್ ಸಾಕು, 25 ಡಿಗ್ರಿಗೆ ಇಡಿ, ಹೀಟರ್ ಮೇಲಿನ ನಂಬರ್ ನಂಬ್ಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ನೋಡಿ. ಗಪ್ಪಿ, ಮೋಲಿ ಎಲ್ಲಾರೂ ಶುರುವಿಗೆ ಸುಲಭ ಅಂತಾರೆ, ಅರಸೀಕೆರೇಲಿ ಸುಲಭ, ನಿಮ್ಮ ಝರಿ ನೀರಲ್ಲಿ ಮೋಲಿ ಇದ್ದಲ್ಲೇ ಓಲಾಡ್ತಾ ಸೊರಗತ್ತೆ, ಅದಕ್ಕೆ ಗಡಸು ನೀರು ಬೇಕು. ಏಂಜಲ್ ಬೇಡ, ಒಂದಡಿ ಎತ್ತರ ಅದಕ್ಕೆ ಸಾಲಲ್ಲ, ದೊಡ್ಡದಾದ್ಮೇಲೆ ಟೆಟ್ರಾನ ತಿಂಡಿ ಅನ್ಕೊಳತ್ತೆ.

ಮಿಸ್ ಕೇರಳ ಬಗ್ಗೆ ನೇರ ಹೇಳ್ಬಿಡ್ತೀನಿ, ನಿಮ್ಮ ಟ್ಯಾಂಕಿಗೆ ಆಗಲ್ಲ. ನಮ್ಮ ಪಶ್ಚಿಮ ಘಟ್ಟದ ನದಿಗಳಲ್ಲಿ ಬಿಟ್ರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲದ ಮೀನು ಅದು, ಸಹ್ಯಾದ್ರಿಯಾ ಡೆನಿಸೋನಿ. 1865ರಲ್ಲಿ ಗುರುತಿಸಿದ್ದು, ಸಹ್ಯಾದ್ರಿಯಾ ಅಂತ ಹೊಸ ಕುಲನಾಮ ಬಂದಿದ್ದು 2013ರಲ್ಲಿ. ಅಕ್ವೇರಿಯಂ ಮಾರ್ಕೆಟ್ಟಿಗೆ ಅಂತ ನದಿಯಿಂದ ಹಿಡಿದು ಹಿಡಿದೇ ಕಮ್ಮಿ ಆಗಿದೆ, ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಅಳಿವಿನಂಚಿನ ಪಟ್ಟೀಲಿದೆ. ಗುಂಪಲ್ಲಿ ಜೋರಾಗಿ ಈಜೋ, ನಾಲ್ಕೈದು ಇಂಚು ಬೆಳೆಯೋ ಮೀನಿಗೆ ನಾಲ್ಕಡಿ ಟ್ಯಾಂಕಾದ್ರೂ ಬೇಕು. ಹಳ್ಳದ ಮೀನೂ ಬಲೆ ಹಾಕಿ ತರ್ಬೇಡಿ, ಹರಿಯೋ ನೀರಿನ ಆಮ್ಲಜನಕಕ್ಕೆ ಒಗ್ಗಿದ್ದು ನಿಂತ ನೀರಲ್ಲಿ ಒದ್ದಾಡತ್ತೆ, ಪರಾವಲಂಬಿ ಹುಳಾನೂ ಜೊತೆಗೇ ಬರತ್ತೆ. ಸಣ್ಣದು ಅಂತ ತಂದಿದ್ದು ಮಹಸೀರ್ ಮರಿ ಆಗಿರೋದೂ ಉಂಟು, ಅದು ಎಷ್ಟು ದೊಡ್ಡದಾಗತ್ತೆ ಅಂತ ಶೃಂಗೇರಿಗೆ ಹೋಗಿ ಬಂದೋರಿಗೆ ಹೇಳ್ಬೇಕಾಗಿಲ್ಲ.

ಕರೆಂಟ್ ಚಿಂತೆ ಸರಿಯಾಗೇ ಇದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಎರಡು ಮೂರು ದಿನ ಬರಲ್ಲ. ಅದಕ್ಕೇ ಹೊರಗಡೆ ಡಬ್ಬಿ ತರ ಇಡೋ ದುಬಾರಿ ಫಿಲ್ಟರ್ ನಿಮಗೆ ಬೇಡ, ಅದು ಗಂಟೆಗಟ್ಲೆ ನಿಂತ್ರೆ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯತ್ತೆ, ಕರೆಂಟ್ ಬಂದ ಕೂಡ್ಲೇ ಆ ಕೊಳೆತಿದ್ದೆಲ್ಲಾ ಟ್ಯಾಂಕಿಗೇ ಬರತ್ತೆ. ಸ್ಪಂಜ್ ಫಿಲ್ಟರ್ ಎರಡು ಹಾಕಿ, ಅಗ್ಗ, ಏರ್ ಪಂಪಲ್ಲಿ ನಡೆಯತ್ತೆ, ಏರ್ ಪಂಪ್ ತಿನ್ನೋ ಕರೆಂಟು ನಾಲ್ಕೈದು ವ್ಯಾಟು, ಯುಎಸ್‌ಬಿ ಪಂಪ್ ಒಂದಿಟ್ಕೊಂಡ್ರೆ ಪವರ್ ಬ್ಯಾಂಕಲ್ಲೂ ಓಡತ್ತೆ. ಹೀಟರ್‌ನ ಇನ್ವರ್ಟರ್‌ಗೆ ಕೊಡ್ಬೇಡಿ, ಬ್ಯಾಟರಿ ಬೇಗ ಇಳಿದು ಪಂಪೂ ನಿಲ್ಲತ್ತೆ, ಅದರ ಬದಲು ಟ್ಯಾಂಕಿಗೆ ಕಂಬಳಿ ಸುತ್ತಿ, ಮೇಲೆ ಗಾಳಿಗೆ ಸ್ವಲ್ಪ ಸಂದು ಬಿಡಿ. ಕರೆಂಟ್ ಇಲ್ಲದ ದಿನ ಫುಡ್ ಹಾಕ್ಲೇಬೇಡಿ. ಮೀನು ಮೂರು ದಿನ ಉಪವಾಸ ಇದ್ರೆ ಏನೂ ಆಗಲ್ಲ, ಕೊಳೆತ ಫುಡ್ಡಿಂದ ಆಗತ್ತೆ.

ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಾಯಿಸಿ, ಹೊಸ ನೀರಿಗೆ ಸ್ವಲ್ಪ ಬಿಸಿನೀರು ಬೆರೆಸಿ ಟ್ಯಾಂಕಿನ ಹದಕ್ಕೇ ತಂದು ಹಾಕಿ. ಹಂಡೆ ತಾಮ್ರದ್ದಾದ್ರೆ ಅದರ ನೀರು ಬೇಡ, ಸ್ಟೀಲ್ ಪಾತ್ರೇಲಿ ಕಾಯಿಸಿ. ಸ್ಪಂಜನ್ನ ತೆಗೆದ ಟ್ಯಾಂಕ್ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ಉಜ್ಜಬೇಡಿ.

ಉಳಿದಿರೋ ಎರಡು ಮೀನಿಗೆ ಈಗ ಬೇರೆ ವ್ಯವಸ್ಥೆ ಆಗ್ಬೇಕು. ಗೋಲ್ಡ್ ಫಿಶ್ಶಿಗೆ ಅಂಗಳದಲ್ಲಿ ನೆರಳಿರೋ ಕಡೆ 200, 300 ಲೀಟರ್ ಸಿಮೆಂಟ್ ತೊಟ್ಟಿ ಇದ್ರೆ ಬಿಡಿ, ಚಳಿ ಅದಕ್ಕೆ ಲೆಕ್ಕಕ್ಕಿಲ್ಲ, ಮೇಲೆ ಬಲೆ ಕಟ್ಟಿ, ಇಲ್ಲಾಂದ್ರೆ ಮಿಂಚುಳ್ಳಿ ಬಿಡಲ್ಲ. ಹೊಸ ತೊಟ್ಟಿ ಆದ್ರೆ ಸಿಮೆಂಟಿನ ಸುಣ್ಣ ಬಿಡೋವರೆಗೆ ಎರಡು ಮೂರು ವಾರ ನೀರು ತುಂಬಿಸಿ ಚೆಲ್ಲಿ ಮಾಡಿ. ಸಕ್ಕರ್‌ನ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಕೊಡದಿದ್ರೂ ಪರವಾಗಿಲ್ಲ. ತೋಟದ ಕೆರೆಗೆ, ಹಳ್ಳಕ್ಕೆ ಮಾತ್ರ ಯಾವ ಕಾರಣಕ್ಕೂ ಬಿಡ್ಬೇಡಿ, ಅದು ದಡದಲ್ಲಿ ಬಿಲ ಕೊರೆದು ಮೊಟ್ಟೆ ಇಡತ್ತೆ, ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಹೀಗೇ ಯಾರೋ ಬಿಟ್ಟಿದ್ದು ಈಗ ಬಲೆ ಹಾಕಿದ್ರೆ ಅದೇ ಬರೋ ಹಾಗಾಗಿದೆ, ಬೆನ್ನ ಮುಳ್ಳಿಗೆ ಬಲೆನೂ ಹರಿಯತ್ತೆ. ಅಂಗಡಿಯವ್ರು ತಗೊಳಲ್ಲ ಅಂದ್ರೆ ಗೋಲ್ಡ್ ಫಿಶ್ ತೊಟ್ಟಿಗೂ ಹಾಕ್ಬೇಡಿ, ಹಸಿವಾದಾಗ ಗೋಲ್ಡ್ ಫಿಶ್ ಮೈಯ ಲೋಳೆನೇ ಹೀರತ್ತೆ, ದೊಡ್ಡ ಟ್ಯಾಂಕ್ ಇರೋ ಯಾರಿಗಾದ್ರೂ ಕೊಡಿ, ಕೊಡೋವರೆಗೆ ಮುಚ್ಚಳ ಇರೋ ದೊಡ್ಡ ಡ್ರಮ್ಮಿಗೆ ಒಂದು ಸ್ಪಂಜ್ ಫಿಲ್ಟರ್ ಹಾಕಿ ಅಲ್ಲಿಡಿ.